ಬಿಟ್ಟ ಬಿಳುಪು

ಜಲವರ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ, ಬಿಡುತ್ತಾರೆ. ತೈಲವರ್ಣದ ಚಿತ್ರಕಾರನಿಗೆ ಗೋಪುರದ ಕಳಶದ ಮೇಲೆ ಹೊಳಪು ಬೇಕಾದರೆ ಕೊನೆಯಲ್ಲಿ ಒಂದು ಚುಕ್ಕೆ ಬಿಳಿ ಇಟ್ಟರಾಯಿತು. ಪಾರದರ್ಶಕ ಜಲವರ್ಣದಲ್ಲಿ ಆ ಹೊಳಪು ಕಾಗದದ್ದೇ. ಮೊದಲ ನೀರು ಹರಿಸುವ ಮುನ್ನವೇ ಅದಕ್ಕೆ ಜಾಗ ಗೊತ್ತುಮಾಡಿ, ಚಿತ್ರ ಮುಗಿಯುವ ತನಕ ಅಲ್ಲಿ ಕುಂಚ ಸೋಕದಂತೆ ಕಾಯಬೇಕು. ಬಣ್ಣ ಒಮ್ಮೆ ಕಾಗದದ ನಾರಿಗೆ ಇಳಿಯಿತೆಂದರೆ ಒದ್ದೆ ಬಟ್ಟೆ ಒತ್ತಿ ಅಷ್ಟಿಷ್ಟು ಎತ್ತಬಹುದು, ಮೊದಲಿನ ಬಿಳುಪು ಮರಳುವುದಿಲ್ಲ. ತಿಳಿಯಿಂದ ಗಾಢಕ್ಕೆ ದಾರಿಯುಂಟು, ಗಾಢದಿಂದ ತಿಳಿಗೆ ಇಲ್ಲ. ಸಾಲದ್ದಕ್ಕೆ ನೀರು ಕೈಯ ಮಾತನ್ನು ಅರ್ಧ ಮಾತ್ರ ಕೇಳುತ್ತದೆ. ಒದ್ದೆ ಕಾಗದದ ಮೇಲೆ ಬಿಟ್ಟ ನೀಲಿ ಎಲ್ಲಿಯವರೆಗೆ ಹಬ್ಬೀತು ಎಂಬುದು ಕಾಗದದ ತೇವಕ್ಕೆ, ಗಾಳಿಗೆ, ಹಲಗೆಯ ಓರೆಗೆ ಸೇರಿದ ವಿಷಯ.

ಈ ಮಾಧ್ಯಮವನ್ನು ಬದುಕಿಡೀ ಹಿಡಿದವರಲ್ಲಿ ಬಹಳ ಮಂದಿ ಚಿತ್ರಕಲಾ ಶಿಕ್ಷಕರು. ಒಂದು ಕಾರಣ ಸರಳವಾದದ್ದು. ಒಂದು ಬಣ್ಣದ ಡಬ್ಬಿ, ಎರಡು ಬ್ರಷ್, ಒಂದು ಲೋಟ ನೀರು, ಡ್ರಾಯಿಂಗ್ ಶೀಟು ಇಷ್ಟಿದ್ದರೆ ಹಳ್ಳಿಯ ಶಾಲೆಗೂ ಇದು ಎಟಕುತ್ತದೆ. ಹಳೆ ಮೈಸೂರಿನ ಊರುಗಳಲ್ಲಿ ಇವರಿಗೆ ‘ಡ್ರಾಯಿಂಗ್ ಮೇಷ್ಟ್ರು’ ಎಂದೇ ಹೆಸರು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧ ಮಾಡುವವರು, ವಾರ್ಷಿಕೋತ್ಸವದ ಪರದೆ ಬರೆಯುವವರು, ಬಿಡುವಾದಾಗ ಹೊಳೆದಂಡೆಯಲ್ಲಿ ಕೂತು ತಮ್ಮದೊಂದು ಚಿತ್ರ ಮಾಡುವವರು. ಇಂಥವರ ಬದುಕು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಮೇಲುನೋಟಕ್ಕೆ ವೃತ್ತಿಯ ಪ್ರಶ್ನೆಯಂತೆ ಕಂಡರೂ ಅದು ಧರ್ಮದ ಪ್ರಶ್ನೆ. ಚಿತ್ರ ಬರೆಯುವುದು ಸಾಧನೆ ಎಂದಾದರೆ, ಕಲಿಸುವುದು ಅದೇ ಸಾಧನೆಯ ಭಾಗವೇ ಅಥವಾ ಅದಕ್ಕೆ ಅಡ್ಡಿಯೇ? ಗುರು ಶಿಷ್ಯನಿಗೆ ಏನನ್ನು ಕೊಡಬೇಕು, ಏನನ್ನು ಕೊಡದೆ ಬಿಡಬೇಕು?

ಚಿತ್ರ ಸಾಧನೆ ಎಂಬ ಮಾತಿಗೆ ಭಾರತೀಯ ಚಿಂತನೆಯಲ್ಲಿ ಆಧಾರಗಳು ಸಾಕಷ್ಟಿವೆ. ಪ್ರತಿಮೆ ಮಾಡುವವನು ಮೊದಲು ಧ್ಯಾನದಲ್ಲಿ ದೇವರನ್ನು ಕಾಣಬೇಕು, ಎದುರಿಗಿರುವ ಮಾದರಿಯೂ ಧ್ಯಾನದಷ್ಟು ಸಹಾಯ ಮಾಡದು ಎಂಬುದು ಶುಕ್ರನೀತಿಸಾರದ ನಿಲುವು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಇದಕ್ಕೊಂದು ಸೂಕ್ಷ್ಮವಾದ ಪದವೇ ಸಿಗುತ್ತದೆ. ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಕಂಡಿದ್ದ ಅಗ್ನಿಮಿತ್ರ, ಆಮೇಲೆ ಅವಳನ್ನೇ ನೋಡಿದಾಗ, ಚಿತ್ರಕಾರನ ಸಮಾಧಿ ಸಡಿಲವಾಗಿತ್ತು ಎಂದುಕೊಳ್ಳುತ್ತಾನೆ: ಶಿಥಿಲ ಸಮಾಧಿ. ಕೈ ತಪ್ಪಿತು ಎನ್ನುವುದಿಲ್ಲ, ಬಣ್ಣ ಸರಿಯಿಲ್ಲ ಎನ್ನುವುದಿಲ್ಲ. ದೋಷ ಇರುವುದು ಮನಸ್ಸು ನಿಂತ ರೀತಿಯಲ್ಲಿ. ಜಲವರ್ಣಕ್ಕೆ ಈ ಮಾತು ಬೇರೆಲ್ಲ ಮಾಧ್ಯಮಗಳಿಗಿಂತ ಹೆಚ್ಚು ಒಪ್ಪುತ್ತದೆ, ಏಕೆಂದರೆ ಆ ಸಡಿಲವನ್ನು ಮುಚ್ಚಿಹಾಕುವ ಎರಡನೆಯ ಪದರ ಅಲ್ಲಿ ಇಲ್ಲ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಪ್ರತಿಮೆಯ ಲಕ್ಷಣ ಹೇಳಿಕೊಡಿ ಎಂದು ವಜ್ರ ರಾಜ ಮಾರ್ಕಂಡೇಯನನ್ನು ಕೇಳುತ್ತಾನೆ. ಚಿತ್ರ ತಿಳಿಯದೆ ಅದು ತಿಳಿಯದು, ನೃತ್ಯ ತಿಳಿಯದೆ ಚಿತ್ರ ತಿಳಿಯದು, ವಾದ್ಯ ತಿಳಿಯದೆ ನೃತ್ಯ ತಿಳಿಯದು, ಗೀತ ತಿಳಿಯದೆ ವಾದ್ಯ ತಿಳಿಯದು ಎಂದು ಮುನಿ ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತಾನೆ. ಕೇಳಿದ್ದನ್ನು ನೇರವಾಗಿ ಕೊಡದೆ, ಕೇಳಿದವನನ್ನೇ ಇನ್ನೊಂದು ಬಾಗಿಲಿಗೆ ಕಳಿಸುವ ಈ ಬಗೆ ಗಮನಿಸಬೇಕಾದದ್ದು. ಕಲೆಯ ಗುರು ಉತ್ತರ ಕೊಡುವುದಕ್ಕಿಂತ ಹೆಚ್ಚಾಗಿ ದಾರಿ ಉದ್ದ ಮಾಡುತ್ತಾನೆ.

ಈ ದಾರಿಯನ್ನು ಅಕ್ಷರಶಃ ನಡೆದವರು ಮೈಸೂರಿನ ಕೆ. ವೆಂಕಟಪ್ಪ (1886–1965). ಆಸ್ಥಾನದ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಅವರಿಗೆ ಗುರುವಾದವರು ಅವನೀಂದ್ರನಾಥ ಟ್ಯಾಗೋರ್. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಸಹಪಾಠಿಗಳು. 1916ರಲ್ಲಿ ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು, ಅದೂ ಹವ್ಯಾಸದಂತಲ್ಲ, ವ್ರತದಂತೆ. ಕುಂಚ ಹಿಡಿದವನು ವೀಣೆಗೆ ವರ್ಷಗಳನ್ನು ಕೊಡುವುದು ಕಾಲಹರಣ ಎಂದು ಕಾಣುವವರಿಗೆ ಮಾರ್ಕಂಡೇಯನ ಮೆಟ್ಟಿಲುಗಳೇ ಉತ್ತರ. ಮದುವೆಯಾಗದೆ, ಕಟ್ಟುನಿಟ್ಟಿನ ದಿನಚರಿಯಲ್ಲಿ, ಎಲ್ಲವನ್ನೂ ದಿನಚರಿ ಪುಸ್ತಕದಲ್ಲಿ ಬರೆದಿಡುತ್ತ ಬದುಕಿದ ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಉದಕಮಂಡಲ ಮತ್ತು ಕೊಡೈಕನಾಲಿನ ಜಲವರ್ಣ ಭೂದೃಶ್ಯಗಳಿಂದ. ಮಂಜು ಬೆಟ್ಟದ ಮೈಯಿಂದ ಏಳುವ ಗಳಿಗೆ, ಕೆರೆಯ ಮೇಲೆ ಬೆಳಗು ಬೀಳುವ ಗಳಿಗೆ. ಇವು ಯಾವುವೂ ನಿಲ್ಲುವ ವಸ್ತುಗಳಲ್ಲ, ಕಾದು ಹಿಡಿಯಬೇಕಾದವು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾಗ್ಯಾಲರಿ ಇದೆ.

ವೆಂಕಟಪ್ಪನವರ ಗುರುವಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಅವನೀಂದ್ರನಾಥರು 1905ರಿಂದ ಸುಮಾರು ಹತ್ತು ವರ್ಷ ಆ ಶಾಲೆಯ ಉಪಪ್ರಾಂಶುಪಾಲರಾಗಿದ್ದರು. ಅವರೂ ಜಲವರ್ಣದವರೇ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅವರ ಕೆಲಸ ನೋಡಿ ತಮ್ಮದೇ ಆದ ‘ವಾಶ್’ ಪದ್ಧತಿ ರೂಪಿಸಿದರು: ಬಣ್ಣ ಹಚ್ಚಿದ ಹಾಳೆಯನ್ನೇ ನೀರಿನಲ್ಲಿ ಮುಳುಗಿಸಿ ಎತ್ತಿ, ಒಣಗಿಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ಮುಳುಗಿಸುವುದು. ಮಾಡಿದ್ದನ್ನು ನೀರಿಗೆ ಒಪ್ಪಿಸಿ, ನೀರು ಉಳಿಸಿಕೊಟ್ಟಷ್ಟನ್ನು ಪಡೆದುಕೊಳ್ಳುವ ಪದ್ಧತಿ ಇದು.

ಅವರೇ ಮುಂದೆ ನೆನಪಿಸಿಕೊಂಡ ಒಂದು ಪ್ರಸಂಗ ಈ ವಿಚಾರಕ್ಕೆ ನಡುಗಂಬದಂಥದು. ನಂದಲಾಲರು ಉಮೆಯ ತಪಸ್ಸಿನ ಚಿತ್ರ ಬರೆದು ತಂದು ತೋರಿಸಿದರು. ಬಣ್ಣ ಬಹಳ ಕಡಿಮೆ, ಅಲಂಕಾರ ಇಲ್ಲವೇ ಇಲ್ಲ. ಇನ್ನಷ್ಟು ಬಣ್ಣ ಕೊಡು, ಉಮೆಯನ್ನು ಸ್ವಲ್ಪ ಸಿಂಗರಿಸು ಎಂದು ಗುರು ಹೇಳಿ ಕಳಿಸಿದರು. ರಾತ್ರಿ ಗುರುವಿಗೆ ನಿದ್ದೆ ಹತ್ತಲಿಲ್ಲ. ನಂದಲಾಲ್ ಕಂಡ ಉಮೆ ತಪಸ್ಸಿನಲ್ಲಿ ಒಣಗಿದವಳು, ಅವಳಿಗೆ ಒಡವೆ ಹೇಗೆ ಬಂದೀತು, ತಾನೇಕೆ ಹಾಗೆಂದೆ ಎಂಬ ಸಂಕಟ. ಬೆಳಗಾಗುತ್ತಲೇ ಶಿಷ್ಯನ ಬಳಿಗೆ ಧಾವಿಸಿದರು. ನಂದಲಾಲರು ಗುರುವಿನ ಮಾತಿನಂತೆ ತಿದ್ದಲು ಹೊರಟಿದ್ದರು, ಅಷ್ಟರಲ್ಲಿ ತಡೆದರು.

ಗುರು ತಪ್ಪು ಹೇಳಿದ್ದು ಇಲ್ಲಿ ದೊಡ್ಡದಲ್ಲ, ಎಲ್ಲ ಗುರುಗಳೂ ಹೇಳುತ್ತಾರೆ. ಶಿಷ್ಯ ಮರುಮಾತಾಡದೆ ಒಪ್ಪಿದನೆಂಬುದೇ ಭಯ ಹುಟ್ಟಿಸುವ ಸಂಗತಿ. ಶ್ರದ್ಧೆ ಎಷ್ಟು ಆಳವಾಗಿದೆಯೋ ಅಷ್ಟೇ ಆಳವಾಗಿ ಶಿಷ್ಯನ ಕಣ್ಣನ್ನು ಗುರು ಕೀಳಬಲ್ಲ. ಅವನೀಂದ್ರನಾಥರಿಗೆ ನಿದ್ದೆ ಕೆಡಿಸಿದ್ದು ಈ ತಿಳಿವಳಿಕೆ. ಅವರು ಆ ಬೆಳಗ್ಗೆ ಕಾಪಾಡಿದ್ದು ಶಿಷ್ಯನ ಕಾಗದದ ಮೇಲಿನ ಖಾಲಿ ಜಾಗವನ್ನು. ಜಲವರ್ಣದವನು ಪ್ರತಿದಿನ ತನ್ನ ಕಾಗದದ ಮೇಲೆ ಕಾಪಾಡುವುದೂ ಅದನ್ನೇ. ಎರಡೂ ಒಂದೇ ಕ್ರಿಯೆ. ಹಾಗೆ ನೋಡಿದರೆ ಕಲಿಸುವುದು ಚಿತ್ರಕಾರನ ಸಾಧನೆಗೆ ಅಡ್ಡಿಯಲ್ಲ, ಅದೇ ಸಾಧನೆ ಇನ್ನೊಬ್ಬರ ಹಾಳೆಯ ಮೇಲೆ ಮುಂದುವರಿಯುವುದು. ಅಲ್ಲಿ ಕಷ್ಟ ಹೆಚ್ಚು, ಏಕೆಂದರೆ ತನ್ನ ಹಾಳೆಯ ಬಿಳುಪು ಕಣ್ಣಿಗೆ ಕಾಣುತ್ತದೆ, ಶಿಷ್ಯನ ಮನಸ್ಸಿನದು ಕಾಣುವುದಿಲ್ಲ.

ಇದಕ್ಕೆ ಎದುರಿನ ಚಿತ್ರ ಏಕಲವ್ಯನ ಕಥೆಯಲ್ಲಿದೆ. ದ್ರೋಣ ಏಕಲವ್ಯನಿಗೆ ಏನನ್ನೂ ಕಲಿಸಲಿಲ್ಲ, ಆದರೆ ಗುರುದಕ್ಷಿಣೆಯಾಗಿ ಬಲಗೈ ಹೆಬ್ಬೆರಳನ್ನು ಪಡೆದ. ತರಗತಿಯಲ್ಲಿ ವಿದ್ಯಾರ್ಥಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅವನ ಚಿತ್ರವನ್ನು ತಾನೇ ಸರಿ ಮಾಡಿಬಿಡುವ ಶಿಕ್ಷಕ, ಪ್ರೀತಿಯಿಂದಲೇ, ಆ ಹೆಬ್ಬೆರಳನ್ನು ಕೇಳುತ್ತಿರುತ್ತಾನೆ. ಹಾಳೆ ಚೆನ್ನಾಗುತ್ತದೆ, ಬಹುಮಾನವೂ ಬಂದೀತು. ಆ ಗೆರೆ ಎಳೆಯಬೇಕಿದ್ದ ಕೈ ಮಾತ್ರ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಈ ಹೋಲಿಕೆ ಕಠಿಣವೆನಿಸಬಹುದು. ಆದರೂ ಮಕ್ಕಳ ಚಿತ್ರಗಳಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ ಎಂಬ ಒಂದೇ ನೋಟ ಊರೂರಿನಲ್ಲಿ ಮರಳಿ ಮರಳಿ ಬರುವುದನ್ನು ಕಂಡವರಿಗೆ ಅದರ ಕಾರಣ ಗೊತ್ತಿರುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರದ ಬಯಲಿನಲ್ಲಿ ಅಂಥ ಎರಡು ಬೆಟ್ಟಗಳ ನಡುವೆ ಸೂರ್ಯ ಹುಟ್ಟುವುದಿಲ್ಲ. ಅಲ್ಲಿನ ಮಗು ನಿತ್ಯ ಕಾಣುವುದು ಕಬಿನಿ ನಾಲೆಯ ನೀರು ನಿಂತ ಗದ್ದೆಯಲ್ಲಿ ಆಕಾಶವನ್ನು.

ಗುರುಶಿಷ್ಯರ ನಡುವೆ ಇರುವುದೇನು ಎಂಬುದನ್ನು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ವ್ಯಾಕರಣದ ಮಾತಿನಲ್ಲಿ ಹೇಳುತ್ತದೆ. ಆಚಾರ್ಯ ಪೂರ್ವರೂಪ, ಶಿಷ್ಯ ಉತ್ತರರೂಪ, ವಿದ್ಯೆ ಅವರಿಬ್ಬರ ಸಂಧಿ, ಪ್ರವಚನ ಆ ಸಂಧಿಯನ್ನು ಕೂಡಿಸುವ ಸಾಧನ. ವಿದ್ಯೆ ಇಲ್ಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವ ಗಂಟಲ್ಲ. ಎರಡು ಅಕ್ಷರಗಳು ಬೇರೆ ಬೇರೆಯಾಗಿದ್ದಾಗ ಮಾತ್ರ ನಡುವೆ ಸಂಧಿಯಾಗುತ್ತದೆ. ಎರಡನೆಯದು ಮೊದಲನೆಯದರ ನಕಲಾಗಬೇಕಿಲ್ಲ. ಶಿವಾಲಯಗಳ ದಕ್ಷಿಣದ ಗೋಡೆಯಲ್ಲಿ ಕುಳಿತ ದಕ್ಷಿಣಾಮೂರ್ತಿ ಇದನ್ನೇ ಇನ್ನೂ ಮುಂದಕ್ಕೆ ಒಯ್ಯುತ್ತಾನೆ. ಗುರು ಯುವಕ, ಶಿಷ್ಯರು ವೃದ್ಧರು, ಬೋಧನೆ ಮೌನ. ವಿದ್ಯಾರ್ಥಿಯ ಹಿಂದೆ ಬಂದು ನಿಂತು, ಅವನ ಕುಂಚ ಹೋಗುತ್ತಿರುವ ಕಡೆ ನೋಡಿ, ಏನನ್ನೂ ಹೇಳದೆ ಮುಂದಿನ ಮಣೆಗೆ ನಡೆಯುವ ಮೇಷ್ಟರ ಮೌನಕ್ಕೂ ಈ ಮೂರ್ತಿಗೂ ದೂರದ ನಂಟಿದೆ.

ಹಾಗಾದರೆ ತಿದ್ದುವುದೇ ಬೇಡವೇ? ಬೇಡವೆಂದರೆ ಕಲೆಯ ಅರ್ಧ ಸತ್ತುಹೋಗುತ್ತದೆ. ವೆಂಕಟಪ್ಪನವರು ಹುಟ್ಟಿದ ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರಿಕೆ ನಿಂತದ್ದೇ ಕಟ್ಟುಪಾಡಿನ ಮೇಲೆ. ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಲು ಮಾಡಿಕೊಳ್ಳುವುದು, ಮೂರ್ತಿಗಳ ಪ್ರಮಾಣವನ್ನು ಬಾಯಿಪಾಠ ಮಾಡುವುದು, ಉಬ್ಬುಗೆಲಸದ ಲೇಪವನ್ನು ಸರಿಯಾದ ಹದಕ್ಕೆ ಕಲಸುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು. ಇದರಲ್ಲಿ ಯಾವುದನ್ನೂ ಶಿಷ್ಯ ತಾನಾಗಿ ಕಂಡುಕೊಳ್ಳಲಿ ಎಂದು ಕೈಬಿಟ್ಟು ಕೂರಲಾಗದು. ಕಾಮಸೂತ್ರದ ವ್ಯಾಖ್ಯಾನಕಾರ ಯಶೋಧರ ಹೇಳುವ ಚಿತ್ರದ ಆರು ಅಂಗಗಳಲ್ಲಿ ರೂಪಭೇದ, ಪ್ರಮಾಣ, ವರ್ಣಿಕಾಭಂಗ ಇವು ಹೇಳಿಕೊಡಬೇಕಾದವು: ಯಾವ ಆಕಾರ ಏನು, ಅಳತೆ ಎಷ್ಟು, ಬಣ್ಣ ಹೇಗೆ ಬೆರೆಯುತ್ತದೆ. ಭಾವ, ಲಾವಣ್ಯ, ಸಾದೃಶ್ಯ ಹೇಳಿಕೊಟ್ಟು ಬರುವುವಲ್ಲ. ಅವನೀಂದ್ರನಾಥರು ಈ ಷಡಂಗದ ಮೇಲೆ ಪುಸ್ತಕವನ್ನೇ ಬರೆದರು. ಉಮೆಯ ಚಿತ್ರದ ವಿಷಯದಲ್ಲಿ ಅವರು ಮಾಡಿದ ತಪ್ಪೂ ಇದೇ ಗಡಿಯಲ್ಲಿ ಆದದ್ದು: ಬಣ್ಣದ ಬಗ್ಗೆ ಹೇಳುತ್ತಿದ್ದೇನೆ ಎಂದುಕೊಂಡು ಭಾವದ ಮೇಲೆ ಕೈಯಿಟ್ಟಿದ್ದರು. ಈ ಗಡಿ ಗೆರೆ ಎಳೆದಷ್ಟು ಸ್ಪಷ್ಟವಲ್ಲ, ಒದ್ದೆ ಕಾಗದದ ಮೇಲಿನ ಅಂಚಿನಂತೆ ಕರಗುತ್ತಿರುತ್ತದೆ. ಗುರುವಿನ ವಿವೇಕವೆಲ್ಲ ಅದು ಎಲ್ಲಿದೆ ಎಂದು ದಿನದಿನವೂ ಹುಡುಕುವುದರಲ್ಲಿ ಖರ್ಚಾಗುತ್ತದೆ.

ವೆಂಕಟಪ್ಪನವರು ಶಾಲೆ ತೆರೆಯಲಿಲ್ಲ. ಅವರದು ಒಂಟಿ ತಪಸ್ಸು. ಶಾಲೆಯನ್ನೇ ತಪಸ್ಸು ಮಾಡಿಕೊಂಡವರು ಕನ್ನಡನಾಡಿನಲ್ಲಿ ಬೇರೆ ಇದ್ದಾರೆ. ಬೆಂಗಳೂರಿನಲ್ಲಿ ಕಲಾಮಂದಿರ ಕಟ್ಟಿದ ಅ. ನ. ಸುಬ್ಬರಾಯರು, ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಗದಗಿನಲ್ಲಿ ಟಿ. ಪಿ. ಅಕ್ಕಿ. ಇವರ ಸಾಲಿನಲ್ಲಿ ಆರ್. ಎಂ. ಹಡಪದ್ (1936–2003) ಅವರ ಉದಾಹರಣೆ ಈ ಚರ್ಚೆಗೆ ಹೆಚ್ಚು ಬೆಳಕು ಕೊಡುತ್ತದೆ. ಬಾದಾಮಿ ಕಡೆಯಿಂದ ಬಂದು ಬೆಂಗಳೂರಿನ ಕೆನ್ ಕಲಾಶಾಲೆಯನ್ನು ಬೆಳೆಸಿದ ಅವರು ಸ್ವತಃ ಗಟ್ಟಿ ಚಿತ್ರಕಾರರು, ಆದರೆ ಬದುಕಿನ ಹೆಚ್ಚಿನ ಭಾಗ ಹೋದದ್ದು ಶಿಷ್ಯರಿಗೆ. ಅವರ ವಿದ್ಯಾರ್ಥಿ ಜೆ. ಎಂ. ಎಸ್. ಮಣಿ ಅದೇ ಶಾಲೆಯಲ್ಲಿ ಮೇಷ್ಟರಾಗಿ, ಪ್ರಾಂಶುಪಾಲರಾಗಿ, ಬಾದಾಮಿಯ ಜನರನ್ನು ಗಾಢವಾದ ಬಣ್ಣಗಳಲ್ಲಿ ಸರಣಿಯಾಗಿ ಬರೆದರು. ಅದೇ ಶಾಲೆಯಲ್ಲಿ ಕಲಿತ ಶೀಲಾ ಗೌಡ ಬಣ್ಣವನ್ನೇ ಬಿಟ್ಟು ಸೆಗಣಿ ಹಿಡಿದರು. ಸೂಜಿಗಳಲ್ಲಿ ಪೋಣಿಸಿದ ದಾರಕ್ಕೆ ಕುಂಕುಮ ತೊಡೆದು ಹಗ್ಗವಾಗಿ ಕಟ್ಟಿ ಕೋಣೆಯ ತುಂಬ ಹರಿಯಬಿಟ್ಟರು. ಒಂದೇ ಸೂರಿನಡಿ ಕಲಿತ ಇಬ್ಬರ ಕೆಲಸ ಇಷ್ಟು ದೂರ ದೂರ ನಿಂತಿರುವುದು ಆ ಶಾಲೆಯ ಗುಣಕ್ಕೆ ಸಾಕ್ಷಿ. ಹಡಪ ಎಂದರೆ ಎಲೆಯಡಿಕೆಯ ಚೀಲ. ಬಸವಣ್ಣನ ಜೊತೆಗಿದ್ದ ಹಡಪದ ಅಪ್ಪಣ್ಣನಿಂದ ಕನ್ನಡಿಗರಿಗೆ ಪರಿಚಿತವಾದ ಪದ. ಎಲೆಗೆ ಸುಣ್ಣ ಸವರಿ ಕೊಡುವವನು ಕೊಡುವಷ್ಟನ್ನೇ ಮಾಡುತ್ತಾನೆ, ಅಗಿಯುವುದು ಇಸಿದುಕೊಂಡವನ ಕೆಲಸ.

ಶರಣರ ಮಾತು ಬಂದದ್ದರಿಂದ ಕಾಯಕ ಮತ್ತು ದಾಸೋಹದ ವಿಚಾರವನ್ನೂ ನೋಡಬೇಕು. ಚಿತ್ರ ಬರೆಯುವುದು ಕಾಯಕವಾದರೆ ಕಲಿಸುವುದು ದಾಸೋಹ ಎಂದು ಹೇಳಿಬಿಡುವುದು ಸುಲಭ. ದಾಸೋಹದ ಕಟ್ಟಳೆ ಅಷ್ಟು ಸುಲಭದ್ದಲ್ಲ. ನಾನು ನೀಡಿದೆ ಎಂಬ ಭಾವ ಹುಟ್ಟಿದರೆ ಅದು ದಾಸೋಹವಲ್ಲ, ದಾನ. ಇವನು ನನ್ನ ಶಿಷ್ಯ, ಇವನ ಗೆರೆಯಲ್ಲಿ ನನ್ನ ಗೆರೆ ಇದೆ ಎಂಬ ಹೆಮ್ಮೆ ಎಲ್ಲ ಶಿಕ್ಷಕರಿಗೂ ಸಹಜ, ಕ್ಷಮ್ಯವೂ ಹೌದು. ಆದರೆ ಆ ಗಳಿಗೆಯಲ್ಲಿ ನೀಡಿದ್ದು ಮರಳಿ ವಸೂಲಾಗುತ್ತದೆ. ಅಲ್ಲಮಪ್ರಭುವಿನ ‘ಬಯಲು’ ಎಂಬ ಪದವನ್ನು ಜಲವರ್ಣದ ಬಿಳುಪಿಗೆ ಹೋಲಿಸುವ ಆಸೆ ಯಾರಿಗಾದರೂ ಬಂದೀತು. ಹೋಲಿಕೆಯನ್ನು ಬಹಳ ಎಳೆಯಬಾರದು. ಕಾಗದದ ಬಿಳುಪಿಗೆ ಅಂಚಿದೆ, ಅದು ಸುತ್ತಲಿನ ಬಣ್ಣದಿಂದಲೇ ಬೆಳಕಾಗಿ ಕಾಣುತ್ತದೆ. ಅಲ್ಲಮನ ಬಯಲಿಗೆ ಸುತ್ತಲೆಂಬುದೇ ಇಲ್ಲ. ತುಂಬುವುದಕ್ಕಿಂತ ತೆರವಾಗುವುದು ಹಿರಿದು ಎಂಬಷ್ಟರ ಮಟ್ಟಿಗೆ ಎರಡೂ ಒಂದೇ ಕಡೆ ಮುಖ ಮಾಡಿವೆ.

ಹೀಗೆ ಕಲಿಸುವುದರ ಬೆಲೆಯನ್ನು ಮರೆಮಾಚುವುದು ಸರಿಯಲ್ಲ. ನಿಷ್ಠೆಯಿಂದ ಕಲಿಸುವವನು ತನ್ನ ಚಿತ್ರಗಳನ್ನು ಕಳೆದುಕೊಳ್ಳುತ್ತಾನೆ. ಬೆಳಗಿನ ಬೆಳಕು ಚೆನ್ನಾಗಿರುವ ಹೊತ್ತಿಗೆ ಶಾಲೆಯ ಗಂಟೆ ಹೊಡೆಯುತ್ತದೆ. ಬರೆಯದೆ ಹೋದ ಆ ಚಿತ್ರಗಳಿಗೆ ಲೆಕ್ಕವಿಲ್ಲ, ಯಾವ ಗ್ಯಾಲರಿಯಲ್ಲೂ ಜಾಗವಿಲ್ಲ. ಋಷಿಋಣ ತೀರುವುದು ಕಲಿತದ್ದನ್ನು ಕಲಿಸುವುದರಿಂದ ಎಂದು ಸಂಪ್ರದಾಯ ಹೇಳುತ್ತದೆ. ಋಣ ತೀರಿಸುವಾಗ ಕೈಯಲ್ಲಿದ್ದದ್ದು ಖಾಲಿಯಾಗುವುದು ನಿಜವೇ. ಫಲದ ಆಸೆ ಬಿಡು ಎಂಬ ಗೀತೆಯ ಮಾತನ್ನು ಮಾರಾಟವಾಗದ ಚಿತ್ರಕ್ಕೆ ಅನ್ವಯಿಸುವುದು ಕಷ್ಟವೇನಲ್ಲ. ಬರೆಯಲಾಗದ ಚಿತ್ರಕ್ಕೆ ಅನ್ವಯಿಸುವುದು ಬಲು ಕಷ್ಟ. ಕರ್ಮವನ್ನೇ ಇನ್ನೊಬ್ಬರ ಕೈಗೆ ಬಿಟ್ಟುಕೊಡುವ ತ್ಯಾಗ ಅದು.

ಹೆಸರಿನ ಪ್ರಶ್ನೆಯೂ ಇದೆ. ಭಾರತೀಯ ಕಲಾವಿದ ಹೆಸರು ಬಯಸದೆ ಮರೆಯಲ್ಲಿ ಉಳಿದ ಎಂಬ ಮಾತನ್ನು ಕರ್ನಾಟಕದಲ್ಲಿ ಹೇಳುವುದು ಕಷ್ಟ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೆಯ ಶತಮಾನದ ಕೇಶವ ದೇವಾಲಯದ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ, ಚೌಡೆಯ, ಬಾಲೆಯ ಮೊದಲಾದ ರೂವಾರಿಗಳ ಹೆಸರು ಕೆತ್ತಿದೆ. ಅಲ್ಲಿ ಅತಿ ಹೆಚ್ಚು ಸಲ ಸಿಗುವುದು ಮಲ್ಲಿತಮ್ಮನ ಹೆಸರು. ದೇವರ ಪಾದದ ಕೆಳಗೆ ಹೆಸರು ಬರೆಯುವುದರಲ್ಲಿ ಅಹಂಕಾರ ಎಷ್ಟು, ಅರ್ಪಣೆ ಎಷ್ಟು ಎಂದು ಈಗ ಅಳೆಯಲಾಗದು. ಒಂದು ಮಾತ್ರ ಸ್ಪಷ್ಟ: ರೂವಾರಿಗೆ ಸಹಿ ಹಾಕಲು ಒಂದು ಪೀಠವಿತ್ತು. ಕಲಿಸುವವನ ಕೆಲಸ ಶಿಷ್ಯನ ಕಣ್ಣಿನೊಳಗೆ ನಡೆಯುವಂಥದು, ಅಲ್ಲಿ ಸಹಿಗೆ ಜಾಗವಿಲ್ಲ.

ಸಹಿಗೆ ಜಾಗವಿಲ್ಲದ ಈ ಕೆಲಸಕ್ಕೆ ಹೋಲಿಕೆಯೊಂದು ನಂಜನಗೂಡು ತಾಲ್ಲೂಕಿನಲ್ಲಿ ಸಿಗುತ್ತದೆ. ಅಲ್ಲಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ, ಮೂರು ಗರ್ಭಗುಡಿಗಳ ತ್ರಿಕೂಟ. ಅದರ ಜೊತೆಗೆ ಊರಿಗೆ ಹೆಸರು ತಂದದ್ದು ‘ಹದಿನಾರು ಮುಖದ ಚಾವಡಿ’. ಇಲ್ಲಿ ಆಳಿದ ಭೀಮಣ್ಣ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಿದ್ದರೆಂದೂ, ಯಾರ ಸ್ಥಾನವೂ ಇನ್ನೊಬ್ಬರದಕ್ಕಿಂತ ಮೇಲು ಕೀಳಾಗಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಮುಖವಿರುವಂತೆ ಅದನ್ನು ಕಟ್ಟಿಸಿದನೆಂದೂ ಐತಿಹ್ಯ. ಚಿತ್ರದ ತರಗತಿಯ ಏರ್ಪಾಡೂ ಇಂಥದೇ. ನಡುವೆ ಒಂದು ತಾಮ್ರದ ಬಿಂದಿಗೆ, ಒಂದು ಚಿಪ್ಪು ರಸಬಾಳೆ, ಸುತ್ತ ಮಕ್ಕಳು. ಒಬ್ಬನಿಗೆ ಬಿಂದಿಗೆಯ ಹೊಳಪು ಎಡಕ್ಕೆ ಬಿದ್ದಿರುತ್ತದೆ, ಎದುರಿನವಳಿಗೆ ಬಲಕ್ಕೆ, ಕಿಟಕಿಗೆ ಮುಖ ಮಾಡಿದವನಿಗೆ ಬಿಂದಿಗೆ ಪೂರಾ ಕಪ್ಪು. ಯಾರ ಹಾಳೆಯೂ ಇನ್ನೊಬ್ಬರದನ್ನು ಹೋಲುವುದಿಲ್ಲ, ಹೋಲಿದರೆ ಯಾರೋ ಬಿಂದಿಗೆ ಬಿಟ್ಟು ಪಕ್ಕದವರ ಹಾಳೆ ನೋಡಿದ್ದಾರೆ ಎಂದರ್ಥ. ಆ ವೃತ್ತದಲ್ಲಿ ಮೇಷ್ಟರಿಗೆ ಕೂರುವ ಜಾಗ ಇರುವುದಿಲ್ಲ. ಅವರು ಸುತ್ತ ನಡೆಯುತ್ತಾರೆ, ಪ್ರತಿ ಮಗುವಿನ ಹಿಂದೆ ಬಗ್ಗಿ ಅದರ ಕಣ್ಣಿನ ಎತ್ತರಕ್ಕೆ ಬಂದು ಅದು ಕಾಣುವ ಬಿಂದಿಗೆಯನ್ನು ನೋಡುತ್ತಾರೆ, ಹೊಳಪಿಗೆ ಬಿಟ್ಟ ಬಿಳುಪು ಇನ್ನೂ ಹಾಗೇ ಇದೆಯೇ ಎಂದು ಗಮನಿಸಿ ಮುಂದಕ್ಕೆ ಹೋಗುತ್ತಾರೆ.